ಶಾಲೆ ಮುಂದಿನ ಕ್ಯಾಮೆರಾ ಎಲ್ಲಿ ಹೋಯಿತು?

ಜೂನ್ ತಿಂಗಳ ಒಂದು ಸಂಜೆ ಅಳಿಯಂದಿರ ಹೆಸರಿಗೆ ಒಂದು ಲಕೋಟೆ ಬಂತು. ಒಳಗಿದ್ದದ್ದು ಫೋಟೋ. ಮದುವೆಯದ್ದಲ್ಲ, ನಾಮಕರಣದ್ದಲ್ಲ, ಅವರ ಬೂದು ಬಣ್ಣದ ಕಾರಿನ ಬೆನ್ನು! ಪಕ್ಕದಲ್ಲಿ ನಂಬರ್ ಪ್ಲೇಟನ್ನಷ್ಟೇ ದೊಡ್ಡದು ಮಾಡಿದ ಇನ್ನೊಂದು ಚಿತ್ರ. ಜೊತೆಗೆ ಎರಡು ಅಂಕಿ: ವೇಗಮಿತಿ 40, ನಿಮ್ಮ ವೇಗ 54. ಅದರ ಕೆಳಗೆ ಕಟ್ಟಬೇಕಾದ ದಂಡ.

ಒಂಬತ್ತು ವರ್ಷದ ಮೊಮ್ಮಗಳು ಇಳಾಗೆ ಎಲ್ಲಿಲ್ಲದ ಖುಷಿ. "ಅಜ್ಜೀ, ಅಪ್ಪನ ಕಾರಿಗೆ ಫೋಟೋ ತೆಗೆದು ಕಳಿಸಿದ್ದಾರೆ ನೋಡು!" ಎಂದು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಯೇಬಿಟ್ಟಳು. ಪಾತ್ರೆ ಒರೆಸುತ್ತಿದ್ದ ಮಗಳು ಬಂದು, ಬಗ್ಗಿ, ಜಾಗದ ಹೆಸರು ಓದಿದಳು. ಓದಿದ ಮೇಲೆ ನಗಲೂ ಆಗದೆ ಸಿಟ್ಟಾಗಲೂ ಆಗದೆ ನಿಂತಳು. ಅದು ಇಳಾಳ ಶಾಲೆಯ ಮುಂದಿನ ರಸ್ತೆಯೇ.

ಅಳಿಯಂದಿರು ನನ್ನನ್ನು ಪಂಚಾಯಿತಿಗೆ ಕೂರಿಸಿದರು. "ಅತ್ತೆ, ನೀವೇ ಹೇಳಿ. ಟೈಮ್ ನೋಡಿ ಇಲ್ಲಿ. ಶನಿವಾರ ರಾತ್ರಿ ಹನ್ನೊಂದೂಕಾಲು. ಆ ಹೊತ್ತಿನಲ್ಲಿ ಯಾವ ಶಾಲೆ, ಯಾವ ಮಗು?"

ನನ್ನ ಹತ್ತಿರ ತಕ್ಷಣಕ್ಕೆ ಉತ್ತರ ಇರಲಿಲ್ಲ. ಮೈಸೂರಿನಿಂದ ಟೊರಾಂಟೊಗೆ ಬಂದು ಆಗಿನ್ನೂ ಒಂದು ತಿಂಗಳಾಗಿತ್ತು. ವೀಸಾದಲ್ಲಿ ಆರು ತಿಂಗಳು ಇರಲು ಅವಕಾಶ. ಮಗಳು-ಅಳಿಯ ಕೆಲಸಕ್ಕೆ ಹೊರಟರೆ ಇಳಾಳನ್ನು ಶಾಲೆಗೆ ಬಿಟ್ಟು ಬರುವುದು, ಮಧ್ಯಾಹ್ನ ಕರೆತರುವುದು ನನ್ನ ಪಾಲಿನ ಕೆಲಸ. ವಿದೇಶಕ್ಕೆ ಹೋಗಿ ಬಂದ ಅಜ್ಜ-ಅಜ್ಜಿಯರಿಗೆ ಗೊತ್ತು, ಅಲ್ಲಿ ನಮಗೆ ಸಿಗುವ ಅತಿ ದೊಡ್ಡ ಹುದ್ದೆ ಇದೇ.

ಶಾಲೆಯ ಮುಂದಿನ ರಸ್ತೆ ಅಗಲವಾಗಿದೆ, ನೇರವಾಗಿದೆ, ನುಣ್ಣಗಿದೆ. ಆಕ್ಸಿಲರೇಟರಿನ ಮೇಲೆ ಕಾಲಿಟ್ಟವರಿಗೆ ತಾನಾಗಿ ವೇಗ ಹೆಚ್ಚಿಸುವ ಆಸೆ ಹುಟ್ಟಿಸುವಂಥದ್ದು. ಬೆಳಿಗ್ಗೆ ಅಲ್ಲಿ ಮಿಂಚುವ ಹಳದಿ-ಹಸಿರು ಅಂಗಿ ತೊಟ್ಟ ಒಬ್ಬ ಹಿರಿಯರು 'ಸ್ಟಾಪ್' ಎಂದು ಬರೆದ ಫಲಕ ಹಿಡಿದು ನಿಂತಿರುತ್ತಿದ್ದರು. ಅವರು ಫಲಕ ಎತ್ತಿ ರಸ್ತೆ ಮಧ್ಯೆ ನಡೆದರೆ ಎಂಥ ದೊಡ್ಡ ಲಾರಿಯಾದರೂ ನಿಲ್ಲಬೇಕು. ಅವರಿಂದ ಸ್ವಲ್ಪ ದೂರದಲ್ಲಿ ಕಂಬಕ್ಕೆ ಕೂಡಿಸಿದ ಒಂದು ಬೂದು ಪೆಟ್ಟಿಗೆ. ಇಳಾ ಅದಕ್ಕೂ ದಿನಾ 'ಗುಡ್ ಮಾರ್ನಿಂಗ್' ಹೇಳುತ್ತಿದ್ದಳು. ಅಳಿಯಂದಿರ ಕಾರಿನ ಬೆನ್ನು ಹಿಡಿದದ್ದು ಅದೇ ಪೆಟ್ಟಿಗೆ.

ಮಕ್ಕಳೇ, ಆ ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಗೊತ್ತೇ? ಆಂಬುಲೆನ್ಸ್ ನಿಮ್ಮ ಕಡೆ ಬರುವಾಗ ಅದರ ಸದ್ದು ಕೀಚಲಾಗಿ ಕೇಳುತ್ತದೆ, ದಾಟಿ ಹೋದ ಕೂಡಲೇ ದಪ್ಪವಾಗುತ್ತದೆ. ಸದ್ದಿನ ಅಲೆಗಳು ಬರುವಾಗ ಒತ್ತೊತ್ತಾಗಿ, ಹೋಗುವಾಗ ವಿರಳವಾಗಿ ಕಿವಿ ಮುಟ್ಟುವುದೇ ಕಾರಣ. ಇದನ್ನು 1842ರಲ್ಲಿ ವಿವರಿಸಿದವರು ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್. ಇಂಥ ಕ್ಯಾಮೆರಾದ ರಾಡಾರ್ ಕಣ್ಣಿಗೆ ಕಾಣದ ರೇಡಿಯೊ ಅಲೆಗಳನ್ನು ಕಾರಿನ ಮೇಲೆ ಎಸೆಯುತ್ತದೆ. ಅವು ಚೆಂಡಿನಂತೆ ಪುಟಿದು ವಾಪಸು ಬರುತ್ತವೆ. ಹೋದ ಅಲೆಗೂ ಬಂದ ಅಲೆಗೂ ಇರುವ ವ್ಯತ್ಯಾಸದಲ್ಲೇ ಕಾರಿನ ವೇಗ ಅಡಗಿದೆ. ಮಿತಿ ಮೀರಿತೋ, ಫೋಟೋ. ಆಮೇಲೆ ಒಬ್ಬ ಅಧಿಕಾರಿ ಅದನ್ನು ಪರಿಶೀಲಿಸಿ ಕಾರಿನ ಮಾಲೀಕರಿಗೆ ಅಂಚೆಯಲ್ಲಿ ಕಳಿಸುತ್ತಾರೆ.

ಇದರ ಹಿಂದೆ ಒಂದು ತಮಾಷೆಯ ಕಥೆಯಿದೆ. ವೇಗದ ಕ್ಯಾಮೆರಾಗಳಲ್ಲಿ ತುಂಬ ಹೆಸರಾದದ್ದು 'ಗ್ಯಾಟ್ಸೊ'. ಅದನ್ನು ರೂಪಿಸಿದ ಮಾರಿಸ್ ಗ್ಯಾಟ್ಸೊನೈಡ್ಸ್ ಪೊಲೀಸನೂ ಅಲ್ಲ, ಮೇಷ್ಟ್ರೂ ಅಲ್ಲ. 1953ರ ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದ ಡಚ್ ಕಾರು ಓಟಗಾರ! ತಿರುವಿನಲ್ಲಿ ತಾನು ಎಷ್ಟು ವೇಗವಾಗಿ ಹೋಗುತ್ತಿದ್ದೇನೆ, ಇನ್ನೂ ವೇಗ ಹೆಚ್ಚಿಸಬಹುದೇ ಎಂದು ತಿಳಿಯಲು ಅವರು ಈ ಸಾಧನ ಮಾಡಿಕೊಂಡರು. ವೇಗ ಹೆಚ್ಚಿಸಲು ಹುಟ್ಟಿದ್ದು ಕೊನೆಗೆ ವೇಗ ತಗ್ಗಿಸುವ ಕೆಲಸಕ್ಕೆ ನಿಂತಿತು.

ಅಳಿಯಂದಿರ ಪ್ರಶ್ನೆಗೆ ಬರೋಣ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಮಾತಿನಲ್ಲಿ ಉತ್ತರ ಹೊಳೆಯದಿದ್ದರೆ ಕೈ ಪೆನ್ಸಿಲ್ ಹುಡುಕುತ್ತದೆ. ಊಟವಾದ ಮೇಲೆ ಅದೇ ಲಕೋಟೆಯ ಬೆನ್ನ ಮೇಲೆ ಲೆಕ್ಕ ಹಾಕಿದೆ. ಇಳಾ ಪಕ್ಕದಲ್ಲಿ ಮಂಡಿ ಊರಿ ಕೂತಳು.

ರಸ್ತೆಗೆ ಒಂದು ಮಗು ಚೆಂಡಿನ ಹಿಂದೆ ಓಡಿ ಬಂತು ಎಂದುಕೊಳ್ಳಿ. ಚಾಲಕರ ಕಣ್ಣು ಅದನ್ನು ಕಂಡು, ಮಿದುಳಿಗೆ ಹೇಳಿ, ಮಿದುಳು ಕಾಲಿಗೆ ಹೇಳಿ, ಕಾಲು ಬ್ರೇಕ್ ಒತ್ತಲು ಒಂದು ಸೆಕೆಂಡು ಬೇಕು ಎನ್ನೋಣ. (ನನ್ನಂಥವರಿಗೆ ಇನ್ನೂ ಹೆಚ್ಚೇ ಬೇಕು.) ಆ ಒಂದು ಸೆಕೆಂಡಿನಲ್ಲಿ ಕಾರು ಸುಮ್ಮನಿರುತ್ತದೆಯೇ? 40 ಕಿಲೋಮೀಟರ್ ವೇಗದ ಕಾರು 11 ಮೀಟರ್ ಓಡಿರುತ್ತದೆ. ಒಣಗಿದ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ ಪೂರ್ತಿ ನಿಲ್ಲಲು ಇನ್ನೂ 9 ಮೀಟರ್. ಒಟ್ಟು 20 ಮೀಟರ್.

ಈಗ 54ರ ಕಾರು. ಬ್ರೇಕ್ ಮುಟ್ಟುವ ಮೊದಲೇ 15 ಮೀಟರ್ ಹೋಯಿತು. ನಿಲ್ಲಲು ಮತ್ತೆ 16 ಮೀಟರಿಗೂ ಹೆಚ್ಚು. ಒಟ್ಟು 31 ಮೀಟರ್ ದಾಟಿತು. "ಹನ್ನೊಂದು ಮೀಟರ್ ವ್ಯತ್ಯಾಸ ಅಷ್ಟೇ ಅಲ್ವಾ ಅತ್ತೆ" ಎಂದರು ಅಳಿಯಂದಿರು. ಅಷ್ಟೇ ಅಲ್ಲ. 40ರ ಕಾರು ಪೂರ್ತಿ ನಿಂತ ಆ ಜಾಗದಲ್ಲಿ, 20ನೆಯ ಮೀಟರಿನಲ್ಲಿ, 54ರ ಕಾರಿನ ವೇಗ ಎಷ್ಟಿರುತ್ತದೆ? ಲೆಕ್ಕ ಹಾಕಿ ನೋಡಿದೆ. ನನಗೇ ನಂಬಿಕೆಯಾಗದೆ ಇನ್ನೊಮ್ಮೆ ಹಾಕಿದೆ. ಇನ್ನೂ ಸುಮಾರು 45!

ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಮನೆಯ ಕಾರಿನ ಲೆಕ್ಕವಾಗಿ ಬರೆದದ್ದು ಅದೇ ಮೊದಲು. ಜನ ಮತ್ತು ವಾಹನ ಬೆರೆಯುವ ಕಡೆ 30 ಕಿಲೋಮೀಟರಿಗಿಂತ ಹೆಚ್ಚು ವೇಗ ಬೇಡ ಎಂದು 2020ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ದೇಶಗಳು ಘೋಷಣೆ ಹೊರಡಿಸಿದ್ದೂ ಇಂಥ ಲೆಕ್ಕದ ಮೇಲೆಯೇ.

ಅಳಿಯಂದಿರು ಲಕೋಟೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಸರಿ ಅತ್ತೆ. ಆದರೆ ರಾತ್ರಿ ಹನ್ನೊಂದೂಕಾಲಿಗೆ ಆ ಮಗು?" ಎಂದರು. ಪ್ರಶ್ನೆ ಹಾಗೆಯೇ ಉಳಿಯಿತು.

ಬೇಸಿಗೆ ರಜೆಯಲ್ಲಿ ನಮ್ಮ ಚರ್ಚೆ ಮನೆಯಿಂದ ಪಾರ್ಕಿಗೆ ವರ್ಗವಾಯಿತು. ಅಲ್ಲೊಂದು ಬೆಂಚು. ಸಂಜೆ ಅದು ಕನ್ನಡದ ಜಗಲಿ. ಶಿವಮೊಗ್ಗದ ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರರು, ಧಾರವಾಡದ ಒಬ್ಬರು ಮಾಸ್ತರರು, ಇಬ್ಬರೂ ನನ್ನ ಹಾಗೆ ಮೊಮ್ಮಕ್ಕಳ ಕಾವಲಿಗೆ ಬಂದವರು. ಮ್ಯಾನೇಜರರ ಮಗನಿಗೂ ಲಕೋಟೆ ಬಂದಿತ್ತಂತೆ, ಒಂದಲ್ಲ, ಎರಡು.

"ಅದು ಕ್ಯಾಮೆರಾ ಅಲ್ಲ ಕಣ್ರೀ, ಹುಂಡಿ" ಎಂದರು ಮ್ಯಾನೇಜರರು. "ಮಕ್ಕಳ ಹೆಸರು ಹೇಳಿ ದುಡ್ಡು ಎತ್ತೋದು."

"ಹುಂಡ್ಯಾಗ ರೊಕ್ಕಾ ಹಾಕೂದು ಬ್ಯಾಡ ಅಂದ್ರ ಸಾವಕಾಶ ಹೋಗ್ರಿ. ಯಾರು ಬ್ಯಾಡ ಅಂತಾರ?" ಎಂದರು ಮಾಸ್ತರರು.

ಮ್ಯಾನೇಜರರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಅವರ ವಾದ ಹೀಗೆ: ಪೊಲೀಸಿನವನು ಕೈ ಅಡ್ಡ ಹಾಕಿದರೆ ಗಾಡಿ ಆಗಲೇ ನಿಲ್ಲುತ್ತದೆ. ಕ್ಯಾಮೆರಾ ಯಾರನ್ನೂ ನಿಲ್ಲಿಸುವುದಿಲ್ಲ, ಎಷ್ಟೋ ದಿನವಾದ ಮೇಲೆ ಕಾಗದ ಕಳಿಸುತ್ತದೆ. ಅಷ್ಟರಲ್ಲಿ ಅದೇ ರಸ್ತೆಯಲ್ಲಿ ಇನ್ನೆಷ್ಟು ಸಲ ಹಾಗೆಯೇ ಹೋಗಿರುತ್ತೀರೋ. ಗಾಡಿ ಓಡಿಸಿದ್ದು ತಮ್ಮನಾದರೂ ದಂಡ ಬೀಳುವುದು ಮಾಲೀಕನಾದ ಅಣ್ಣನಿಗೆ. ಶ್ರೀಮಂತನಿಗೆ ಅದು ಕಾಫಿ ಖರ್ಚು, ಎರಡು ಕಡೆ ದುಡಿದು ಮನೆ ನಡೆಸುವವನಿಗೆ ವಾರದ ದಿನಸಿ. ಜನ ಕ್ಯಾಮೆರಾ ಹತ್ತಿರ ಬಂದಾಗ ಮಾತ್ರ ನಿಧಾನಿಸಿ, ದಾಟಿದ ಮೇಲೆ ಮತ್ತೆ ಹಾರುತ್ತಾರೆ. ನಿಜವಾಗಿ ಮಕ್ಕಳ ಮೇಲೆ ಕಾಳಜಿಯಿದ್ದರೆ ರಸ್ತೆಯನ್ನೇ ಸರಿಮಾಡಿ: ಉಬ್ಬು ಹಾಕಿ, ಶಾಲೆಯ ಮುಂದೆ ರಸ್ತೆ ಕಿರಿದು ಮಾಡಿ, ಮಕ್ಕಳು ದಾಟುವ ಜಾಗವನ್ನು ಎತ್ತರಿಸಿ.

ಮಾಸ್ತರರು ಒಪ್ಪಿದರು, ಪೂರ್ತಿ ಒಪ್ಪಲಿಲ್ಲ. "ಉಬ್ಬು ಹಾಕ್ರಿ, ಛಲೋನೇ ಆತು. ಆದ್ರ ಬಸ್ಸು, ಆಂಬುಲೆನ್ಸು ಓಡಾಡೋ ದೊಡ್ಡ ರಸ್ತಾದಾಗ ಹೆಂಗ ಹಾಕ್ತೀರಿ? ಪೊಲೀಸರನ್ನ ಎಷ್ಟು ಸಾಲಿ ಮುಂದ ನಿಲ್ಲಸ್ತೀರಿ?"

ಟೊರಾಂಟೊದಲ್ಲಿ ಕ್ಯಾಮೆರಾಗಳ ಮೂಲಕ ದಂಡ ಹಾಕುವುದು ಶುರುವಾದದ್ದು 2020ರ ಜುಲೈ 6ರಂದು. ಆಗ ಇದ್ದದ್ದು 50 ಕ್ಯಾಮೆರಾ. ನಗರದ 25 ವಾರ್ಡುಗಳಿಗೆ ತಲಾ ಎರಡು. ಆಗಾಗ ಜಾಗ ಬದಲಿಸುತ್ತಿದ್ದರು. 2025ರ ಹೊತ್ತಿಗೆ ಅವು 150 ಆದವು. ಕಾನೂನಿನ ಪ್ರಕಾರ ಇವನ್ನು ಶಾಲೆಗಳ ಸುತ್ತ ಮತ್ತು 'ಸಮುದಾಯ ಸುರಕ್ಷತಾ ವಲಯ' ಎಂದು ಗುರುತಿಸಿದ ರಸ್ತೆಗಳಲ್ಲಿ ಮಾತ್ರ ಇಡಬಹುದಿತ್ತು. ಸಿಕ್ಕಿಬಿದ್ದವರಿಗೆ ದಂಡವಷ್ಟೇ, ಲೈಸೆನ್ಸಿನ ಮೇಲೆ ಕಪ್ಪು ಚುಕ್ಕೆ ಬೀಳುತ್ತಿರಲಿಲ್ಲ.

ಫಲ ಏನಾಯಿತು? ಆ ಊರಿನ ಪ್ರಸಿದ್ಧ ಮಕ್ಕಳ ಆಸ್ಪತ್ರೆ 'ಸಿಕ್‌ಕಿಡ್ಸ್' ಮತ್ತು ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ಸಂಶೋಧಕರು 250 ಶಾಲಾ ವಲಯಗಳಲ್ಲಿ 2020ರ ಜುಲೈನಿಂದ 2022ರ ಡಿಸೆಂಬರ್‌ವರೆಗೆ ಅಳೆದು ನೋಡಿದರು. ಅವರ ವರದಿ 2025ರ ಬೇಸಿಗೆಯಲ್ಲಿ, ನಾವು ಬೆಂಚಿನ ಮೇಲೆ ವಾದ ಮಾಡುತ್ತಿದ್ದಾಗಲೇ, ಪ್ರಕಟವಾಯಿತು. ಮಿತಿ ಮೀರಿ ಓಡುವ ವಾಹನಗಳ ಪ್ರಮಾಣ ಶೇ. 45ರಷ್ಟು ಇಳಿದಿತ್ತು. ಇನ್ನೊಂದು ಅಳತೆಯೂ ಇತ್ತು. ಅದು ಸ್ವಲ್ಪ ಜಾಣ ಅಳತೆ. ನೂರು ಕಾರುಗಳನ್ನು ನಿಧಾನದ್ದರಿಂದ ವೇಗದ್ದಕ್ಕೆ ಸಾಲಾಗಿ ನಿಲ್ಲಿಸಿ, 85ನೆಯ ಕಾರಿನ ವೇಗ ಎಷ್ಟು ಎಂದು ನೋಡುವುದು. ರಸ್ತೆ ಎಂಜಿನಿಯರುಗಳು ಸರಾಸರಿಗಿಂತ ಇದನ್ನೇ ಹೆಚ್ಚು ನಂಬುತ್ತಾರೆ, ಯಾಕೆಂದರೆ ಅಪಾಯ ಇರುವುದು ಸಾಲಿನ ಆ ತುದಿಯಲ್ಲಿ. ಆ ವೇಗ 10 ಕಿಲೋಮೀಟರಿಗೂ ಹೆಚ್ಚು ಇಳಿದಿತ್ತು. ನನ್ನ ಲಕೋಟೆಯ ಲೆಕ್ಕ ನೆನಪಿದ್ದರೆ, 10 ಕಿಲೋಮೀಟರ್ ಎಂದರೆ ಏನೆಂದು ನಿಮಗೆ ಗೊತ್ತು.

ವರದಿಯ ಸುದ್ದಿ ಕೇಳಿ ಮ್ಯಾನೇಜರರು, "ವೇಗ ಇಳೀತು, ಒಪ್ಪಿದೆ. ಆದರೆ ಕ್ಯಾಮೆರಾ ಇದ್ದ ಜಾಗದಲ್ಲಿ" ಎಂದರು. ಅದೂ ನ್ಯಾಯವಾದ ಮಾತೇ.

ಇಷ್ಟರಲ್ಲಿ ಜಗಳ ಬೆಂಚು ದಾಟಿ ಬೀದಿಗೆ ಬಂತು. ಟೊರಾಂಟೊದಲ್ಲಿ ಪಾರ್ಕ್‌ಸೈಡ್ ಡ್ರೈವ್ ಎಂಬ ರಸ್ತೆಯಿದೆ, ಹೈ ಪಾರ್ಕ್ ಎಂಬ ದೊಡ್ಡ ಉದ್ಯಾನದ ಪಕ್ಕದಲ್ಲಿ. 2021ರ ಅಕ್ಟೋಬರಿನಲ್ಲಿ ಅಲ್ಲಿ ಸಿಗ್ನಲ್ಲಿಗೆ ಕಾಯುತ್ತ ಕಾರಿನಲ್ಲಿ ಕೂತಿದ್ದ ವಯಸ್ಸಾದ ಗಂಡ-ಹೆಂಡತಿ, ವೇಗವಾಗಿ ಬಂದ ಇನ್ನೊಂದು ಕಾರು ಹಿಂದಿನಿಂದ ಗುದ್ದಿ ತೀರಿಕೊಂಡರು. ಬಡಾವಣೆಯವರು ಬೇಡಿಕೆ ಇಟ್ಟರು, ವೇಗಮಿತಿ 50ರಿಂದ 40ಕ್ಕೆ ಇಳಿಯಿತು, 2022ರಲ್ಲಿ ಕ್ಯಾಮೆರಾ ಬಂತು. ಆ ಒಂದೇ ಕ್ಯಾಮೆರಾ 65,000ಕ್ಕೂ ಹೆಚ್ಚು ದಂಡದ ಕಾಗದ ಕಳಿಸಿತು! ಅದರ ಮೇಲೆ ಯಾರಿಗೋ ಎಂಥ ಸಿಟ್ಟೆಂದರೆ, ರಾತ್ರೋರಾತ್ರಿ ಕಂಬವನ್ನೇ ಕತ್ತರಿಸಿ ಬೀಳಿಸಿದರು. ನಗರದವರು ಮತ್ತೆ ನಿಲ್ಲಿಸಿದರು, ಇವರು ಮತ್ತೆ ಕತ್ತರಿಸಿದರು. ಹೀಗೆ ಅರ್ಧ ಡಜನ್ ಸಲ. ಒಮ್ಮೆಯಂತೂ ಅದನ್ನು ಎಳೆದುಕೊಂಡು ಹೋಗಿ ಪಾರ್ಕಿನ ಬಾತುಕೋಳಿ ಕೊಳಕ್ಕೆ ಎಸೆದಿದ್ದರು. ಈ ಕಥೆ ಕೇಳಿದ ಇಳಾ ಕೇಳಿದ್ದು ಒಂದೇ ಪ್ರಶ್ನೆ: "ಬಾತುಕೋಳಿಗೆ ಏನೂ ಆಗ್ಲಿಲ್ಲ ತಾನೇ?"

ಒಂದೇ ರಸ್ತೆಯ ಈ 65,000ವನ್ನು ಎರಡೂ ಕಡೆಯವರು ತಮ್ಮ ಸಾಕ್ಷಿ ಎನ್ನುತ್ತಿದ್ದರು. ಇಷ್ಟು ಜನ ಮಿತಿ ಮೀರುತ್ತಾರೆ, ಆದ್ದರಿಂದ ಕ್ಯಾಮೆರಾ ಬೇಕೇ ಬೇಕು ಎಂದು ಒಬ್ಬರು. ಇಷ್ಟೆಲ್ಲ ಕಾಗದ ಕಳಿಸಿದ ಮೇಲೂ ಜನ ಮೀರುತ್ತಲೇ ಇದ್ದಾರೆ, ಆದ್ದರಿಂದ ಕ್ಯಾಮೆರಾ ದಂಡ, ರಸ್ತೆಯ ಆಕಾರವೇ ತಪ್ಪು ಎಂದು ಇನ್ನೊಬ್ಬರು. ನನಗೆ ಎರಡನೆಯವರ ಮಾತಿನ ಕೊನೆಯ ಅರ್ಧ ಸರಿ ಎನಿಸಿತು.

ಸೆಪ್ಟೆಂಬರಿನಲ್ಲಿ ಶಾಲೆ ಮತ್ತೆ ತೆರೆಯಿತು. ಅದೇ ತಿಂಗಳು ಒಂದೇ ರಾತ್ರಿಯಲ್ಲಿ ನಗರದ ಬೇರೆ ಬೇರೆ ಕಡೆ 16 ಕ್ಯಾಮೆರಾಗಳನ್ನು ಕತ್ತರಿಸಿ ಕೆಡವಿದರು. ಪಕ್ಕದ ವಾನ್ ನಗರ ತನ್ನ ಕ್ಯಾಮೆರಾ ಯೋಜನೆಯನ್ನೇ ಕೈಬಿಟ್ಟಿತು. ಇಲ್ಲೊಂದು ವಿಚಿತ್ರ ನೋಡಿ. ಶಾಲೆಗಳ ಹತ್ತಿರ ಕ್ಯಾಮೆರಾ ಇಡಲು ದಾರಿ ಮಾಡಿದ ಕಾನೂನು 2017ರದ್ದು. ಅದರ ಮಸೂದೆಯನ್ನು ಮಂಡಿಸಿದ ಸಾರಿಗೆ ಮಂತ್ರಿ ಸ್ಟೀವನ್ ಡೆಲ್ ಡೂಕಾ. ವಾನ್ ನಗರ ಕ್ಯಾಮೆರಾ ಬೇಡ ಎಂದಾಗ ಅಲ್ಲಿ ಮೇಯರ್ ಆಗಿದ್ದವರೂ ಅವರೇ. ಇನ್ನೊಂದು ಕಡೆ, ಕಾನೂನಿಗೆ ನಿಯಮ ರೂಪಿಸಿ 2019ರ ಕೊನೆಗೆ ಜಾರಿಗೆ ತಂದದ್ದು ಒಂಟಾರಿಯೊ ಪ್ರಾಂತ್ಯದ ಪ್ರೀಮಿಯರ್ ಡಗ್ ಫೋರ್ಡ್ ಅವರ ಸರ್ಕಾರ. (ಪ್ರೀಮಿಯರ್ ಎಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ.) 2025ರ ಸೆಪ್ಟೆಂಬರ್ 25ರಂದು ಇವೆಲ್ಲ ಜನರ ಹಣ ದೋಚುವ ಯಂತ್ರಗಳು, ಇಡೀ ಪ್ರಾಂತ್ಯದಲ್ಲಿ ನಿಷೇಧಿಸುತ್ತೇನೆ ಎಂದು ಹೇಳಿದವರೂ ಅದೇ ಫೋರ್ಡ್.

ಪೊಲೀಸ್ ಮುಖ್ಯಸ್ಥರ ಸಂಘ ಬೇಡ ಎಂದಿತು. ಮಕ್ಕಳ ಆಸ್ಪತ್ರೆಯವರು ತಮ್ಮ ಅಂಕಿ ಮುಂದಿಟ್ಟರು. ಟೊರಾಂಟೊದ ಮೇಯರ್ ಒಲಿವಿಯಾ ಚೌ, ಬ್ರಾಂಪ್ಟನ್ನಿನ ಮೇಯರ್ ಪ್ಯಾಟ್ರಿಕ್ ಬ್ರೌನ್ ವಿರೋಧಿಸಿದರು. ಶಾಲೆಗಳ ಮುಂದೆ ಮಾತ್ರವಾದರೂ ಇರಲಿ ಎಂದು ಕೇಳಿದವರೂ ಇದ್ದರು. ಫೋರ್ಡ್ ಒಪ್ಪಲಿಲ್ಲ. ಬದಲಿಗೆ ಶಾಲೆಗಳ ಹತ್ತಿರ ದೊಡ್ಡ ಫಲಕ, ಮಿನುಗುವ ದೀಪ, ರಸ್ತೆ ಉಬ್ಬು, ಸುತ್ತುವೃತ್ತಗಳಿಗೆ ಎಂದು 21 ಕೋಟಿ ಡಾಲರಿನ ನಿಧಿ ಪ್ರಕಟಿಸಿದರು. ನಮ್ಮ ಮ್ಯಾನೇಜರರು ಆ ದಿನ ಬೆಂಚಿಗೆ ಮೈಸೂರುಪಾಕು ತಂದಿದ್ದರು. ಮಾಸ್ತರರು ಒಂದು ತುಂಡು ತೆಗೆದುಕೊಂಡು, "ಇದು ನಿಮ್ಮ ಮನಿಯವ್ರು ಮಾಡ್ಯಾರಂತ ತಿಂತೀನಿ, ಮತ್ತ್ಯಾತಕ್ಕೂ ಅಲ್ಲ" ಎಂದರು.

ಹಳಬರು ಹೇಳಿದರು, ಒಂಟಾರಿಯೊದಲ್ಲಿ ಇದು ಎರಡನೆಯ ಸಲವಂತೆ. 1994ರಲ್ಲಿ ಹೆದ್ದಾರಿಗಳಲ್ಲಿ ವ್ಯಾನಿನೊಳಗೆ ಇಂಥ ಕ್ಯಾಮೆರಾ ಇಟ್ಟಿದ್ದರು; ಮರುವರ್ಷ ಸರ್ಕಾರ ಬದಲಾಗಿ ತೆಗೆಸಿಹಾಕಿತು.

ಇನ್ನು ಅಳಿಯಂದಿರ ಪ್ರಶ್ನೆ. ಅದಕ್ಕೆ ಒಂದು ಉತ್ತರ ನನಗೆ ಸಿಕ್ಕಿದ್ದು ಗಡಿಯಾಚೆಯ ನ್ಯೂಯಾರ್ಕ್ ನಗರದಲ್ಲಿ. ಅಲ್ಲಿ ಶಾಲಾ ವಲಯದ ಕ್ಯಾಮೆರಾ ಶುರುವಾದದ್ದು 2013ರಲ್ಲಿ, 20 ಶಾಲೆಗಳ ಸುತ್ತ. ಮಿತಿಗಿಂತ ಗಂಟೆಗೆ 10 ಮೈಲಿ, ಅಂದರೆ 16 ಕಿಲೋಮೀಟರ್ ಮೀರಿದರೆ ಮಾತ್ರ ದಂಡ. ಎಲ್ಲರಿಗೂ ಒಂದೇ, 50 ಡಾಲರ್. 2018ರ ಜುಲೈನಲ್ಲಿ ಕಾನೂನಿನ ಅವಧಿ ಮುಗಿದು, ಶಾಸಕರ ಜಗಳದಲ್ಲಿ ಅದು ನವೀಕರಣವಾಗದೆ ಕ್ಯಾಮೆರಾಗಳು ಕಣ್ಣು ಮುಚ್ಚಿದವು. ಅಪಘಾತದಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆ-ತಾಯಿಯರು ಫೋಟೋ ಹಿಡಿದು ಬೀದಿಯಲ್ಲಿ ನಿಂತರು. ಸೆಪ್ಟೆಂಬರಿನಲ್ಲಿ ಶಾಲೆ ತೆರೆಯುವ ಮೊದಲು ಕ್ಯಾಮೆರಾಗಳು ವಾಪಸು ಬಂದವು. ಮರುವರ್ಷ 750 ಶಾಲಾ ವಲಯಗಳಿಗೆ ಹಬ್ಬಲು ಒಪ್ಪಿಗೆ ಸಿಕ್ಕಿತು. ಆದರೂ ಅವು ರಾತ್ರಿ, ಶನಿವಾರ, ಭಾನುವಾರ ಮಲಗುತ್ತಿದ್ದವು. ಪ್ರಾಣ ಹೋಗುವ ಅಪಘಾತಗಳು ಆ ಹೊತ್ತಿನಲ್ಲೇ ಬಹಳ ಆಗುತ್ತವೆ ಎಂದು ಕಂಡ ಮೇಲೆ, 2022ರ ಆಗಸ್ಟ್ 1ರಿಂದ ಹಗಲು-ರಾತ್ರಿ ಓಡಿಸಲು ಶುರುಮಾಡಿದರು. ರಸ್ತೆ ಖಾಲಿ ಇದ್ದಾಗಲೇ ಕಾಲು ಭಾರವಾಗುವುದು. ಶಾಲೆಯಿಲ್ಲದ ಹೊತ್ತಿನಲ್ಲೂ ಆ ಬೀದಿಯಲ್ಲಿ ಡ್ಯೂಟಿ ಮುಗಿಸಿ ನಡೆದು ಬರುವ ನರ್ಸ್ ಇರುತ್ತಾಳೆ, ನಿದ್ದೆ ಬಾರದೆ ನಾಯಿ ಹಿಡಿದು ಹೊರಟ ಮುದುಕ ಇರುತ್ತಾನೆ.

ಇದನ್ನು ಹೇಳಿದಾಗ ಅಳಿಯಂದಿರು ವಾದ ಮಾಡಲಿಲ್ಲ. "ಹಾಗಾದರೆ ಅದಕ್ಕೆ ಶಾಲೆಯ ಕ್ಯಾಮೆರಾ ಅಂತ ಕರೀಬಾರದು ಅತ್ತೆ. ಮುಚ್ಚುಮರೆ ಇಲ್ಲದೆ ರಸ್ತೆಯ ಕ್ಯಾಮೆರಾ ಅನ್ನಲಿ" ಎಂದರು. ಅವರ ದೂರಿನಲ್ಲಿ ನನಗೆ ಒಪ್ಪಿಗೆಯಾದ ಭಾಗ ಅದು.

ದಂಡದ ದುಡ್ಡಿನ ವಿಷಯಕ್ಕೆ ಬಂದರೆ, ಮಕ್ಕಳಿಗೆ ತುಂಬ ಹಿಡಿಸುವ ಒಂದು ಪ್ರಯೋಗ 2010ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆಯಿತು. ಕೆವಿನ್ ರಿಚರ್ಡ್‌ಸನ್ ಎಂಬುವರ ಉಪಾಯ. ಕ್ಯಾಮೆರಾ ಮಿತಿ ಮೀರಿದವರ ಫೋಟೋ ತೆಗೆದಂತೆ, ಮಿತಿಯೊಳಗೆ ಹೋದವರದ್ದೂ ತೆಗೆಯಬೇಕು. ಮೀರಿದವರು ಕಟ್ಟಿದ ದಂಡವನ್ನು, ಮೀರದವರಿಗೆ ಲಾಟರಿ ಎತ್ತಿ ಬಹುಮಾನವಾಗಿ ಕೊಡಬೇಕು! ಕೆಲವು ದಿನ ಮಾಡಿ ನೋಡಿದಾಗ ಆ ರಸ್ತೆಯ ಸರಾಸರಿ ವೇಗ 32ರಿಂದ 25 ಕಿಲೋಮೀಟರಿಗೆ ಇಳಿಯಿತಂತೆ. ಮ್ಯಾನೇಜರರಿಗೂ ಒಪ್ಪಿಗೆಯಾದ ಕ್ಯಾಮೆರಾ ಅದೊಂದೇ.

ನಮ್ಮಲ್ಲೂ ಈ ದುಡ್ಡಿನ ಮಾತು ಹೊಸದಲ್ಲ. 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತು 100 ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿದ್ದು ನಿಮಗೆ ನೆನಪಿರಬಹುದು. ಸೀರೆ ಅಂಗಡಿಯ ಆಷಾಢ ರಿಯಾಯಿತಿಗೂ ಅಂಥ ಸಾಲು ಕಂಡಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ 2024ರಲ್ಲಿ ವೇಗದ ಕ್ಯಾಮೆರಾಗಳು ಕೆಲಸ ಶುರುಮಾಡಿದವು. 2023ಕ್ಕೆ ಹೋಲಿಸಿದರೆ ಆ ವರ್ಷ ಅಲ್ಲಿ ಸತ್ತವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಕ್ಯಾಮೆರಾ ಒಂದೇ ಕಾರಣವಲ್ಲ. ಬೈಕು, ಆಟೊಗಳನ್ನು ಆ ರಸ್ತೆಯಿಂದ ಮೊದಲೇ ದೂರವಿಟ್ಟಿದ್ದರು. ನಮ್ಮ ಊರುಗಳ ಶಾಲೆಯ ಮುಂದೆ ಮಾತ್ರ ಇನ್ನೂ ಹೆಚ್ಚಿನ ಕಡೆ ಕಾಯುವುದು ಒಂದು ಸೀಟಿ, ಒಂದು ಲಾಠಿ, ಇಲ್ಲವೆ ಶಾಲೆಯ ಆಯಾ.

ನವೆಂಬರ್ 14ಕ್ಕೆ ಒಂಟಾರಿಯೊದ ನಿಷೇಧ ಜಾರಿಗೆ ಬಂತು. ನಮ್ಮಲ್ಲಿ ಅದು ಮಕ್ಕಳ ದಿನ. ಅಲ್ಲಿ ಯಾರಿಗೂ ಅದರ ಅರಿವಿಲ್ಲ. ನನ್ನ ಆರು ತಿಂಗಳೂ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಇಳಾ ಎಂದಿನಂತೆ ಕೈ ಎತ್ತಿ 'ಗುಡ್ ಮಾರ್ನಿಂಗ್' ಹೇಳಲು ಹೋದಳು. ಪೆಟ್ಟಿಗೆ ಇರಲಿಲ್ಲ.

"ಕ್ಯಾಮೆರಾ ಎಲ್ಲಿ ಹೋಯ್ತು ಅಜ್ಜಿ?"

"ತೆಗೆದುಬಿಟ್ಟರು ಮರಿ."

"ಈಗ ಯಾರು ಎಣಿಸ್ತಾರೆ?"

ನಾವೇ ಎಣಿಸೋಣ ಎಂದೆ. ಬಟ್ಟೆ ಒಣಹಾಕುವ ಹಗ್ಗವನ್ನು ಹತ್ತು ಮೀಟರ್ ಅಳೆದುಕೊಂಡು, ಕಾಲುದಾರಿಯಲ್ಲಿ ಐದು ಸಲ ಹಾಸಿ, ಎರಡು ಮೇಪಲ್ ಮರಗಳ ನಡುವೆ 50 ಮೀಟರ್ ಗುರುತು ಮಾಡಿದೆವು. ಕಾರು ಮೊದಲ ಮರ ದಾಟಿದಾಗ ಗಡಿಯಾರ ಒತ್ತುವುದು, ಎರಡನೆಯ ಮರ ದಾಟಿದಾಗ ನಿಲ್ಲಿಸುವುದು. ಬಂದ ಸೆಕೆಂಡುಗಳಿಂದ 180ನ್ನು ಭಾಗಿಸಿದರೆ ಕಾರಿನ ವೇಗ, ಕಿಲೋಮೀಟರಿನಲ್ಲಿ. ಆರು ಸೆಕೆಂಡಾದರೆ 30. ನಾಲ್ಕೂವರೆ ಆದರೆ 40. ರಾಡಾರ್ ಬೇಡ, ಡಾಪ್ಲರ್ ಬೇಡ, ಮಗ್ಗಿ ಗೊತ್ತಿದ್ದರೆ ಸಾಕು. ನೀವೂ ಮಾಡಬಹುದು, ಆದರೆ ಕಾಂಪೌಂಡಿನ ಒಳಗೆ ನಿಂತು, ಜೊತೆಗೆ ಮನೆಯ ದೊಡ್ಡವರನ್ನು ಕರೆದುಕೊಂಡು. 180 ಎಲ್ಲಿಂದ ಬಂತು ಎಂದು ಅಜ್ಜನನ್ನು ಕೇಳಿ. ಅವರು ತಲೆ ಕೆರೆದುಕೊಂಡರೆ, 50 ಮೀಟರನ್ನು 3.6ರಿಂದ ಗುಣಿಸಲು ಹೇಳಿ.

ಎರಡು ಬೆಳಿಗ್ಗೆ ನಾವು ಎಣಿಸಿದೆವು. ಕೆಲವರು ನಿಧಾನ, ಕೆಲವರು ಜೋರು. ಕ್ಯಾಮೆರಾ ಹೋದದ್ದರಿಂದ ಏನಾಯಿತು ಎಂದು ಹೇಳಲು ನಮ್ಮ ಪುಸ್ತಕ ಸಾಲದು. ಮೊದಲೂ ಎಣಿಸಿದ್ದರೆ ತಾನೇ ಹೋಲಿಸಬಹುದು? ಗಣಿತದ ಟೀಚರಾಗಿದ್ದೂ ಅದು ಹೊಳೆಯದೆ ಹೋಯಿತಲ್ಲ ಎಂದು ನನಗೇ ನಾಚಿಕೆಯಾಯಿತು. ಫಲಕ ಹಿಡಿದ ಹಿರಿಯರು ನಮ್ಮನ್ನು ನೋಡಿ ನಕ್ಕು, ತಮ್ಮ ಕೋಟಿನ ಗುಂಡಿ ಹಾಕಿಕೊಂಡರು. ಈಗ ಆ ರಸ್ತೆಗೆ ಅವರೊಬ್ಬರೇ. ಅಳಿಯಂದಿರು ಮಾತ್ರ ಆ ಫೋಟೋವನ್ನು ಫ್ರಿಜ್ಜಿನಿಂದ ತೆಗೆದಿಲ್ಲ. ತೆಗೆಯಲು ಇಳಾ ಬಿಟ್ಟಿಲ್ಲ ಎನ್ನುವುದು ಹೆಚ್ಚು ನಿಜ.

ಮೈಸೂರಿಗೆ ಬಂದ ಮೇಲೆ ವಾಟ್ಸ್ಯಾಪಿನಲ್ಲಿ ಇಳಾಳ ಒತ್ತಾಯ: "ಅಜ್ಜಿ, ನಿಮ್ಮ ಬೀದಿಯ ಶಾಲೆ ಮುಂದೆ ಎಣಿಸಿ ಕಳಿಸು." ಪಕ್ಕದ ಮನೆಯ ಆರನೆಯ ತರಗತಿಯ ಹುಡುಗನನ್ನು ಸೇರಿಸಿಕೊಂಡು ಎರಡು ವಿದ್ಯುತ್ ಕಂಬಗಳ ನಡುವೆ ಅಳತೆ ಮಾಡಿ, ನಮ್ಮ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕೂತೆ. ಮೊದಲು ಬಂದದ್ದು ಒಂದು ಸ್ಕೂಟರ್. ಮೊದಲ ಕಂಬ ದಾಟಿತು. ನಡುವೆ ನಿಂತಿತು. ಸವಾರರು ತಳ್ಳುಗಾಡಿಯಲ್ಲಿ ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡತೊಡಗಿದರು. ಗಡಿಯಾರ ಓಡುತ್ತಲೇ ಇತ್ತು.

"ಇದನ್ನ ಹೇಗೆ ಬರೆಯೋದು ಟೀಚರ್?" ಎಂದ ಹುಡುಗ.

"ಬಿಡು, ಮುಂದಿನದು ನೋಡು" ಎಂದೆ.

ಮುಂದೆ ಬಂದದ್ದು ಸರಕು ಟೆಂಪೊ. ಶಾಲೆಯ ಗಂಟೆ ಹೊಡೆಯಲು ಇನ್ನು ಐದು ನಿಮಿಷ. ಗೇಟಿನ ಹತ್ತಿರ ಮಕ್ಕಳು ಚೀಲ ಹೊತ್ತು ಓಡುತ್ತಿದ್ದರು. ಟೆಂಪೊ ಎಲ್ಲೂ ನಿಧಾನಿಸಲಿಲ್ಲ. ಹುಡುಗ ಗಡಿಯಾರ ನಿಲ್ಲಿಸಿ ನೋಡಿದ: ಮೂರು ಸೆಕೆಂಡು. ಭಾಗಾಕಾರ ಅವನೇ ಮಾಡಿದ.